ಅಪ್ಪನ ಬಿಸ್ಕೆಟ್ ಡಬ್ಬದಲ್ಲಿ ಸಿಕ್ಕ 41 ಮ್ಯಾಚ್ ಟಿಕೆಟ್: ಕಾಪಾಡೋದು ಹೇಗೆ? ಒಂದು ತುಂಡಿನ ಗುಟ್ಟು ಬಿಡಿಸಿಕೊಡಿ

ಕ್ಯಾತ್ಸಂದ್ರದವನು (ಭಾನುವಾರ, ಬೆಳಗ್ಗೆ 11:20)

ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ಕ್ಯಾತ್ಸಂದ್ರದ ಹತ್ತಿರ ಮನೆ. ಅಪ್ಪ ತೀರಿಕೊಂಡು ಹೋದ ತಿಂಗಳಿಗೆ ಒಂದು ವರ್ಷ ಆಯಿತು. ವರ್ಷದ ಕಾರ್ಯ ಮುಗಿಸಿ ಅಟ್ಟ ಖಾಲಿ ಮಾಡುವಾಗ ಒಂದು ಹಳೇ ಬಿಸ್ಕೆಟ್ ಡಬ್ಬ ಸಿಕ್ಕಿತು. ಮುಚ್ಚಳ ತುಕ್ಕು ಹಿಡಿದು ಬಿಗಿದುಕೊಂಡಿತ್ತು, ಚಮಚದ ಹಿಡಿಯಿಂದ ಎಬ್ಬಿಸಬೇಕಾಯಿತು. ಒಳಗೆ ಪೂರ್ತಿ ಮ್ಯಾಚ್ ಟಿಕೆಟ್‌ಗಳು. ಎಣಿಸಿದರೆ 41.

ಅಪ್ಪನಿಗೆ ಕ್ರಿಕೆಟ್ ಹುಚ್ಚು ಅಂತ ಗೊತ್ತಿತ್ತು. ಬೆಂಗಳೂರಲ್ಲಿ ಮ್ಯಾಚ್ ಅಂದರೆ ಮೊದಲ ಬಸ್ಸಿಗೆ ಹೋಗಿ ಕಡೇ ಬಸ್ಸಿಗೆ ಬರುತ್ತಿದ್ದರು. 70 ಕಿಲೋಮೀಟರ್ ದಾರಿ. ಆದರೆ ಟಿಕೆಟ್‌ಗಳನ್ನು ಎತ್ತಿಟ್ಟಿದ್ದಾರೆ ಅಂತ ಅಮ್ಮನಿಗೂ ಗೊತ್ತಿರಲಿಲ್ಲ. ಪೂರ್ತಿ ಟಿಕೆಟ್ ಇರೋದು ಆರೇ. ಉಳಿದದ್ದೆಲ್ಲ ಗೇಟಲ್ಲಿ ಹರಿದು ವಾಪಸ್ ಕೊಟ್ಟ ಅರ್ಧ ತುಂಡುಗಳು. ಊರಿನ ಟೂರ್ನಮೆಂಟ್‌ಗಳ ಚೀಟಿಗಳೂ ಒಂಬತ್ತು ಇವೆ.

ಎರಡು ಪ್ರಶ್ನೆ. ಇವನ್ನು ಹೇಗೆ ಇಟ್ಟರೆ ಹಾಳಾಗೋಲ್ಲ? ಲ್ಯಾಮಿನೇಷನ್ ಮಾಡಿಸೋಣ ಅಂತ ಇದ್ದೇನೆ. ಇನ್ನೊಂದು, ಒಂದು ತುಂಡು ನನಗೆ ನಿದ್ದೆ ಮಾಡೋಕೆ ಬಿಡುತ್ತಿಲ್ಲ. ಮಾಸಿದ ಹಸಿರು ಬಣ್ಣ, ಬೆರಳುದ್ದ. ಒಂದು ಅಂಚು ಸಣ್ಣ ಹಲ್ಲುಗಳ ಹಾಗೆ ಹರಿದಿದೆ. ‘ಡೇ’ ಅಂತ ಅಚ್ಚಾಗಿದೆ, ಮುಂದಿನ ಅಂಕಿ ಹರಿದ ಕಡೆಗೆ ಹೋಗಿಬಿಟ್ಟಿದೆ. ವರ್ಷ ಇಲ್ಲ, ತಂಡದ ಹೆಸರೂ ಇಲ್ಲ. ಹಿಂದೆ ಅಪ್ಪನ ಅಕ್ಷರದಲ್ಲಿ ಪೆನ್ಸಿಲ್‌ನಿಂದ ‘96, 16’ ಅಂತ ಬರೆದಿದೆ, ಅಷ್ಟೇ. ಬೇರೆ ಯಾವ ತುಂಡಿನ ಮೇಲೂ ಅವರು ಒಂದಕ್ಷರ ಬರೆದಿಲ್ಲ. ಇದರ ಮೇಲೆ ಮಾತ್ರ ಯಾಕೆ ಬರೆದರು?

ಹಳೇನೋಟು ಕೋಲಾರ (ಭಾನುವಾರ, ಮಧ್ಯಾಹ್ನ 12:05)

ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ ಸರ್, ದಯವಿಟ್ಟು. ಹಳೇ ನೋಟು, ಸ್ಟಾಂಪು ಕೂಡಿಸುತ್ತಾ 20 ವರ್ಷ ಆಯಿತು ನನಗೆ. ಲ್ಯಾಮಿನೇಷನ್ ಅಂದರೆ ಬಿಸಿ ಅಂಟಿನಲ್ಲಿ ಕಾಗದವನ್ನು ಮುಳುಗಿಸಿದ ಹಾಗೆ. ಒಮ್ಮೆ ಅಂಟಿದರೆ ಬಿಡಿಸೋಕೆ ಹೋದಾಗ ಅಚ್ಚೂ ಕಿತ್ತು ಬರುತ್ತದೆ. ಕೂಡಿಸುವವರ ಲೆಕ್ಕದಲ್ಲಿ ಆಮೇಲೆ ಅದಕ್ಕೆ ಬೆಲೆಯೂ ಇರೋಲ್ಲ.

ಇವತ್ತೇ ಮಾಡಬೇಕಾದದ್ದು ಹೇಳುತ್ತೇನೆ. ಟಿಕೆಟ್‌ಗಳನ್ನು ಆ ತುಕ್ಕಿನ ಡಬ್ಬದಿಂದ ತೆಗೆಯಿರಿ. ರಬ್ಬರ್ ಬ್ಯಾಂಡ್, ಗುಂಡುಪಿನ್ನು, ಸ್ಟೇಪಲ್ ಇದ್ದರೆ ಬಿಡಿಸಿ. ಸ್ಟೇಪಲ್ ಎಳೆಯಬೇಡಿ, ಹಿಂದಿನಿಂದ ಕಾಲು ನೆಟ್ಟಗೆ ಮಾಡಿ ಮೆಲ್ಲಗೆ ತೆಗೆಯಿರಿ. ಸೆಲ್ಲೋಟೇಪ್ ಹತ್ತಿರಕ್ಕೂ ತರಬೇಡಿ. ನಾಲ್ಕೈದು ವರ್ಷಕ್ಕೆ ಅದು ಹಳದಿಯಾಗಿ, ಅಂಟು ಕಾಗದದೊಳಗೆ ಇಳಿದುಬಿಡುತ್ತದೆ.

ಆಮೇಲೆ ಒಂದೊಂದನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಇಡಿ. ಎಲ್ಲ ಪ್ಲಾಸ್ಟಿಕ್ಕೂ ಒಂದೇ ಅಲ್ಲ. ಪಿವಿಸಿ ಬೇಡ. ಹೊಸ ರೈನ್‌ಕೋಟಿನ ವಾಸನೆ ಬಂದರೆ ಅದು ಪಿವಿಸಿ ಇರುವ ಸಾಧ್ಯತೆ ಜಾಸ್ತಿ. ಅದು ಬರ್ತಾ ಬರ್ತಾ ಜಿಗುಟಾಗಿ ಮಸಿಯನ್ನೇ ಎಳೆದುಕೊಳ್ಳುತ್ತದೆ. ನೋಟು, ಸ್ಟಾಂಪು ಸಾಮಾನು ಮಾರುವವರ ಹತ್ತಿರ ಪಾಲಿಪ್ರೊಪಿಲೀನ್ ಕವರು ಅಥವಾ ಮೈಲಾರ್ ಅಂತ ಕೇಳಿ. ಮೈಲಾರ್ ಅಂದರೆ ಪಾಲಿಯೆಸ್ಟರ್. ಎರಡೂ ಕಾಗದಕ್ಕೆ ಏನೂ ಮಾಡೋಲ್ಲ.

ತಿಪಟೂರು ಕೊಬ್ಬರಿ (ಭಾನುವಾರ, ಮಧ್ಯಾಹ್ನ 1:15)

ಲ್ಯಾಮಿನೇಷನ್ ವಿಷಯ ಓದಿ ಹೊಟ್ಟೆ ಉರಿಯಿತು. ನನಗೆ ಆದದ್ದೇ ಅದು.

2013 ಏಪ್ರಿಲ್ 23, ಪುಣೆ ವಾರಿಯರ್ಸ್ ಮೇಲೆ ಕ್ರಿಸ್ ಗೇಲ್ 66 ಬಾಲಿಗೆ 175 ಹೊಡೆದ ದಿನ ನಾನು ಸ್ಟೇಡಿಯಮ್ಮಿನಲ್ಲಿದ್ದೆ. 17 ಸಿಕ್ಸರ್. ಒಂದು ಬಾಲ್ ಮೇಲೆ ಹೋದದ್ದು ನೋಡಿದೆ, ಕೆಳಗೆ ಬಂದದ್ದು ನೋಡಲೇ ಇಲ್ಲ. ಆ ಟಿಕೆಟ್ಟನ್ನು ಎರಡು ವರ್ಷ ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಚ್ಚು ಮಾಸುತ್ತಿದೆ ಅಂತ ಒಂದು ಜೆರಾಕ್ಸ್ ಅಂಗಡಿಗೆ ತೆಗೆದುಕೊಂಡು ಹೋದೆ. ಯಂತ್ರದ ಈ ಕಡೆಯಿಂದ ಬಿಳಿ ಟಿಕೆಟ್ ಹೋಯಿತು, ಆ ಕಡೆಯಿಂದ ಕರೀ ಕಾಗದ ಬಂತು. ಒಂದಕ್ಷರ ಕಾಣೋಲ್ಲ. ಅಂಗಡಿ ಹುಡುಗನೂ ನಾನೂ ಮುಖ ಮುಖ ನೋಡಿಕೊಂಡು ನಿಂತೆವು. ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ಆ ಕರೀ ತುಂಡು ಇನ್ನೂ ನನ್ನ ಹತ್ತಿರ ಇದೆ, ಎಸೆಯೋಕೆ ಮನಸ್ಸು ಬರುತ್ತಿಲ್ಲ.

ಹಳೇನೋಟು ಕೋಲಾರ (ಭಾನುವಾರ, ಮಧ್ಯಾಹ್ನ 1:40)

ಅಯ್ಯೋ. ಅದು ಥರ್ಮಲ್ ಕಾಗದ ಸರ್. ಎಟಿಎಂ ಚೀಟಿ, ಬಸ್ ಕಂಡಕ್ಟರ್ ಯಂತ್ರದ ಟಿಕೆಟ್ ಇರುತ್ತವಲ್ಲ, ಅದೇ ಜಾತಿ. ಅದರಲ್ಲಿ ಮಸಿಯೇ ಇರೋಲ್ಲ. ಕಾಗದಕ್ಕೆ ಹಚ್ಚಿದ ರಾಸಾಯನಿಕ ಬಿಸಿ ತಾಗಿದ ಕಡೆ ಕಪ್ಪಾಗುತ್ತದೆ, ಅದೇ ಅಕ್ಷರ. ಲ್ಯಾಮಿನೇಷನ್ ಯಂತ್ರದಲ್ಲಿ ಇಡೀ ಕಾಗದಕ್ಕೇ ಬಿಸಿ ತಾಗಿತು, ಇಡೀ ಕಾಗದ ಅಕ್ಷರವಾಯಿತು.

ಕ್ಯಾತ್ಸಂದ್ರದ ಸರ್, ನಿಮ್ಮ ಡಬ್ಬದಲ್ಲಿ 2000ದ ಮೇಲಿನವು ಇದ್ದರೆ ಮೊದಲು ಅವನ್ನು ನೋಡಿ. ನುಣುಪಾಗಿದ್ದು ಅಕ್ಷರ ಬೂದು ಬಣ್ಣಕ್ಕೆ ತಿರುಗಿದ್ದರೆ ಥರ್ಮಲ್. ಮೂಲೆಯಲ್ಲಿ ಉಗುರಿಂದ ಕೆರೆದರೆ ಕಪ್ಪು ಗೆರೆ ಬೀಳುತ್ತದೆ, ಆದರೆ ನೀವು ಕೆರೆಯಬೇಡಿ. ಬಿಸಿಲು, ಬಿಸಿ, ಕೈಯ ಎಣ್ಣೆ, ಪಿವಿಸಿ ಕವರು, ಕೈಗೆ ಹಚ್ಚುವ ಸ್ಯಾನಿಟೈಸರ್, ಇವೆಲ್ಲ ಅದಕ್ಕೆ ವಿಷ. ಎಷ್ಟು ಜೋಪಾನ ಮಾಡಿದರೂ ಅದು ಒಂದು ದಿನ ಮಾಸುತ್ತದೆ. ಅದಕ್ಕೇ ಇವತ್ತೇ 600 ಡಿಪಿಐನಲ್ಲಿ ಎರಡೂ ಬದಿ ಸ್ಕ್ಯಾನ್ ಮಾಡಿಬಿಡಿ. ಹಳೇ ಅಚ್ಚಿನ ಟಿಕೆಟ್‌ಗಳಿಗೆ ಅಷ್ಟು ಅವಸರ ಇಲ್ಲ.

ಗೌರಿಬಿದನೂರು ಎಕ್ಸ್‌ಪ್ರೆಸ್ (ಭಾನುವಾರ, ಮಧ್ಯಾಹ್ನ 3:30)

ಗುಟ್ಟು ಬಿಡಿಸಿದೆ ಅನ್ನಿಸುತ್ತದೆ! 96 ಅಂದರೆ 1996. ಮಾರ್ಚ್ 9, ವಿಶ್ವಕಪ್ ಕ್ವಾರ್ಟರ್ ಫೈನಲ್, ಪಾಕಿಸ್ತಾನದ ಮೇಲೆ. ಸಿಧು 93, ಜಡೇಜಾ 25 ಬಾಲಿಗೆ 45. ಆಮೇಲೆ ಆಮೀರ್ ಸೊಹೈಲ್ ಫೋರ್ ಹೊಡೆದು ಬ್ಯಾಟ್ ತೋರಿಸಿದ್ದು, ಮುಂದಿನ ಬಾಲಿಗೇ ನಮ್ಮ ವೆಂಕಟೇಶ್ ಪ್ರಸಾದ್ ಸ್ಟಂಪ್ ಎಬ್ಬಿಸಿದ್ದು. ಇಷ್ಟು ದೊಡ್ಡ ದಿನ ಅಂತಲೇ ಬರೆದಿಟ್ಟಿದ್ದಾರೆ. 16 ಅಂದರೆ ಸೀಟ್ ನಂಬರ್ ಇರಬೇಕು.

ಮಧುಗಿರಿ ರೈಡರ್ (ಭಾನುವಾರ, ಮಧ್ಯಾಹ್ನ 3:50)

1996ರಲ್ಲಿ ಬೆಂಗಳೂರಲ್ಲಿ ಇನ್ನೊಂದೂ ಇತ್ತು. ಅಕ್ಟೋಬರ್‌ನಲ್ಲಿ ಟೈಟಾನ್ ಕಪ್, ಆಸ್ಟ್ರೇಲಿಯಾ ಮೇಲೆ. ಸಚಿನ್ 88ಕ್ಕೆ ಔಟಾದ ಮೇಲೆ ಕೈಬಿಟ್ಟ ಮ್ಯಾಚನ್ನು ಶ್ರೀನಾಥ್, ಕುಂಬ್ಳೆ ಸೇರಿ ಗೆಲ್ಲಿಸಿದರು. ಕುಂಬ್ಳೆ ಅವರ ಅಮ್ಮ ಗ್ಯಾಲರಿಯಲ್ಲಿ ಕೈ ಮುಗಿದು ಕೂತಿದ್ದನ್ನು ಟಿವಿಯಲ್ಲಿ ತೋರಿಸಿದ್ದು ನೆನಪಿದೆಯಾ?

ಅದಿರಲಿ, ನನ್ನ ಆಸೆ ಬೇರೆ. ಆ ಒಂಬತ್ತು ಊರಿನ ಚೀಟಿಗಳ ಬಗ್ಗೆ ಸ್ವಲ್ಪ ಬಿಡಿಸಿ ಹೇಳಿ ಸರ್. ಕಬಡ್ಡಿದು ಇದೆಯಾ?

ಕ್ಯಾತ್ಸಂದ್ರದವನು (ಭಾನುವಾರ, ಸಂಜೆ 6:10)

ಎಲ್ಲರಿಗೂ ಧನ್ಯವಾದ. ಲ್ಯಾಮಿನೇಷನ್ ಬಿಟ್ಟೆ. ತಿಪಟೂರಿನವರೇ, ನಿಮ್ಮ ನಷ್ಟದಿಂದ ನನ್ನ ಅಪ್ಪನ ಐದಾರು ಟಿಕೆಟ್ ಉಳಿದವು.

1996ರ ಕ್ವಾರ್ಟರ್ ಫೈನಲ್ ತುಂಡು ಬೇರೆಯೇ ಇದೆ. ಅದರ ಮೇಲೆ ತಾರೀಖು ಸ್ಪಷ್ಟವಾಗಿ ಅಚ್ಚಾಗಿದೆ. ಹಾಗಾಗಿ ಹಸಿರು ತುಂಡು ಅದಲ್ಲ. ಸೀಟ್ ನಂಬರ್ ಮುಂಭಾಗದಲ್ಲೇ ಇದೆ, ಅದು 16 ಅಲ್ಲ.

ಊರಿನ ಚೀಟಿಗಳಲ್ಲಿ ನಾಲ್ಕು ಕಬಡ್ಡಿ, ಎರಡು ವಾಲಿಬಾಲ್, ಒಂದು ಕುಸ್ತಿ, ಎರಡು ಟೆನಿಸ್ ಬಾಲ್ ಕ್ರಿಕೆಟ್. ಒಂದು ಕಬಡ್ಡಿ ಚೀಟಿ ತೆಳು ಗುಲಾಬಿ ಕಾಗದ, ‘ಹೊನಲು ಬೆಳಕಿನ ಪಂದ್ಯಾವಳಿ, ಗ್ಯಾಲರಿ’ ಅಂತ ಇದೆ. ಮೇಲೆ ನೇರಳೆ ರಬ್ಬರ್ ಸ್ಟಾಂಪು, ಅರ್ಧ ಒರೆಸಿಹೋಗಿದೆ. ಮೂಲೆಯಲ್ಲಿ ಎಲೆ ಅಡಿಕೆ ಕಲೆ. ನಿಜ ಹೇಳಬೇಕೆಂದರೆ ಇವನ್ನು ಬಿಸಾಡೋಣ ಅಂತ ಪಕ್ಕಕ್ಕಿಟ್ಟಿದ್ದೆ.

ಮಧುಗಿರಿ ರೈಡರ್ (ಭಾನುವಾರ, ಸಂಜೆ 6:25)

ಬಿಸಾಡಬೇಡಿ! ಕೈ ಮುಗಿದು ಕೇಳುತ್ತೇನೆ.

ಯೋಚನೆ ಮಾಡಿ ನೋಡಿ. ವಿಶ್ವಕಪ್ ಟಿಕೆಟ್ ಸಾವಿರಾರು ಜನರ ಮನೆಯಲ್ಲಿ ಇರಬಹುದು. ಆ ಮ್ಯಾಚಿನ ಸ್ಕೋರು ಎಲ್ಲಿ ಬೇಕಾದರೂ ಸಿಗುತ್ತದೆ, ವಿಡಿಯೋನೂ ಸಿಗುತ್ತದೆ. ನಿಮ್ಮ ಗುಲಾಬಿ ಚೀಟಿಯ ಪಂದ್ಯಾವಳಿ? ಅದರ ಸ್ಕೋರು ಯಾವ ಪುಸ್ತಕದಲ್ಲೂ ಇರೋಲ್ಲ. ಆಡಿದವರು ಯಾರು, ಗೆದ್ದವರು ಯಾರು, ಮೈದಾನ ಯಾವುದು, ಅದಕ್ಕೆಲ್ಲ ಉಳಿದಿರೋ ಸಾಕ್ಷಿ ಆ ಚೀಟಿ ಒಂದೇ ಇರಬಹುದು.

ನಾನು ಹತ್ತು ವರ್ಷ ಕಬಡ್ಡಿ ಆಡಿದವನು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಕಡೆ ಎಷ್ಟು ಪಂದ್ಯಾವಳಿ ಅಂತ ಲೆಕ್ಕ ಇಲ್ಲ. ಹಬ್ಬದ ದಿನ, ಜಾತ್ರೆ ದಿನ, ಹಾಲೋಜನ್ ಲೈಟ್ ಕಟ್ಟಿ, ಸರ್ವೇ ಮರದ ಗ್ಯಾಲರಿ ಹಾಕಿ, ಬೆಳಗಿನ ಜಾವ ನಾಲ್ಕಕ್ಕೆ ಫೈನಲ್ ಮುಗಿಯುತ್ತಿತ್ತು. ತಂಡದ ಪ್ರವೇಶ ಧನದ ರಸೀದಿ, ಕರಪತ್ರ, ಗ್ಯಾಲರಿ ಚೀಟಿ, ಒಂದನ್ನೂ ನಾನು ಇಟ್ಟುಕೊಳ್ಳಲಿಲ್ಲ. ಕಪ್ ಇಟ್ಟುಕೊಂಡೆವು. ಕಪ್ಪಿನ ಮೇಲೆ ಬರೀ ‘ಪ್ರಥಮ’ ಅಂತ ಇದೆ. ಯಾವ ಊರು, ಯಾವ ವರ್ಷ, ಏನೂ ಇಲ್ಲ.

ಅದಕ್ಕೇ ಈಗ ಎಲ್ಲಿ ಪಂದ್ಯಾವಳಿ ನಡೆದರೂ ಎರಡು ಕರಪತ್ರ ತಂದು ಇಡುತ್ತೇನೆ. ಬಹುಮಾನದ ಮೊತ್ತ, ಸಂಘದ ಹೆಸರು, ನಿಯಮ ಎಲ್ಲ ಅದರಲ್ಲೇ ಇರುತ್ತದೆ. ಸುಮ್ನೆ ಕಾಗದ ಅಲ್ಲ ಅದು.

ಚಿಂತಾಮಣಿ ಸಂತೆ (ಭಾನುವಾರ, ರಾತ್ರಿ 8:00)

ಇವಕ್ಕೆಲ್ಲ ದುಡ್ಡು ಎಷ್ಟು ಬರಬಹುದು? ಕೇಳಿದ್ದು ತಪ್ಪು ತಿಳಿಯಬೇಡಿ.

ಹಳೇನೋಟು ಕೋಲಾರ (ಭಾನುವಾರ, ರಾತ್ರಿ 8:35)

ತಪ್ಪೇನಿಲ್ಲ, ಎಲ್ಲರೂ ಕೇಳುವ ಪ್ರಶ್ನೆಯೇ. ಅಮೆರಿಕದಲ್ಲಿ ಇದು ದೊಡ್ಡ ವ್ಯಾಪಾರ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡನ್ 1984ರಲ್ಲಿ ಎನ್‌ಬಿಎಯಲ್ಲಿ ಆಡಿದ ಮೊದಲ ಆಟದ ಟಿಕೆಟ್ಟು, ಹರಿಯದೆ ಪೂರ್ತಿ ಉಳಿದದ್ದು, 2022ರ ಫೆಬ್ರುವರಿಯಲ್ಲಿ 4,68,000 ಡಾಲರಿಗೆ ಹರಾಜಾಯಿತು. ಅದೇ ಹರಾಜಿನಲ್ಲಿ ಬೇಸ್‌ಬಾಲ್‌ನ ಜ್ಯಾಕಿ ರಾಬಿನ್ಸನ್ 1947ರಲ್ಲಿ ಆಡಿದ ಮೊದಲ ಆಟದ್ದು 4,80,000 ಡಾಲರ್. ಅದು ಪೂರ್ತಿ ಟಿಕೆಟ್ಟೂ ಅಲ್ಲ, ಗೇಟಲ್ಲಿ ಹರಿದ ತುಂಡು. ಅಲ್ಲಿ ಟಿಕೆಟ್ಟು ಅಸಲಿಯೇ ಅಂತ ಪರೀಕ್ಷೆ ಮಾಡಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪೆಟ್ಟಿಗೆಯಲ್ಲಿ ಹಾಕಿ ಕೊಡುವ ಕಂಪನಿಗಳೇ ಇವೆ.

ನಮ್ಮ ಕಡೆ ಅಂಥ ಮಾರುಕಟ್ಟೆ ಇನ್ನೂ ಬೆಳೆದಿಲ್ಲ. ಯಾರಾದರೂ ಫೋನು ಮಾಡಿ ಲಕ್ಷ ಕೊಡುತ್ತೇನೆ, ಮೊದಲು ನೋಂದಣಿ ಶುಲ್ಕ ಕಳಿಸಿ ಅಂದರೆ ಅದು ಮೋಸ. ಹಳೇ ನೋಟಿನಲ್ಲಿ ಇದೇ ಮಾತು ನಂಬಿ ಕೆಟ್ಟವರನ್ನು ನೋಡಿದ್ದೇನೆ.

ಕೊಳ್ಳುವವರೂ ಹುಷಾರು. ಹಳೇ ಟಿಕೆಟ್ ಅಚ್ಚುಮೊಳೆಯದ್ದಾದರೆ ಹಿಂಬದಿ ಬೆರಳಾಡಿಸಿ, ಕ್ರಮಸಂಖ್ಯೆ ಒತ್ತಿದ ಗುರುತು ಕೈಗೆ ಸಿಗುತ್ತದೆ. ಕಲರ್ ಜೆರಾಕ್ಸಿನಲ್ಲಿ ಅದು ಬರೋಲ್ಲ. ತೂತಿನ ಸಾಲಲ್ಲಿ ಹರಿದ ಅಂಚಲ್ಲಿ ಕಾಗದದ ನಾರು ಎದ್ದಿರುತ್ತದೆ. ಕತ್ತರಿಯಲ್ಲಿ ಕತ್ತರಿಸಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ.

ರಾಬರ್ಟ್‌ಸನ್‌ಪೇಟೆ ಹಿರಿಯ (ಭಾನುವಾರ, ರಾತ್ರಿ 10:20)

ಮೊಮ್ಮಗಳು ಈ ಚರ್ಚೆ ತೋರಿಸಿದಳು. ಅವಳೇ ಟೈಪ್ ಮಾಡುತ್ತಿದ್ದಾಳೆ. ನನಗೀಗ 71.

ಕ್ಯಾತ್ಸಂದ್ರದ ತಮ್ಮಾ, ‘ಡೇ’ ಅಂತ ಇದೆ ಅಂದೆಯಲ್ಲ, ಅಲ್ಲೇ ಇದೆ ಉತ್ತರ. ಒಂದು ದಿನದ ಮ್ಯಾಚಿಗೆ ಎಷ್ಟನೇ ದಿನ ಅಂತ ಯಾಕೆ ಅಚ್ಚು ಹಾಕುತ್ತಾರೆ? ಅದು ಟೆಸ್ಟ್ ಮ್ಯಾಚಿನದು. ಐದು ದಿನಕ್ಕೂ ಸೇರಿಸಿ ಸೀಸನ್ ಟಿಕೆಟ್ ಕೊಳ್ಳುತ್ತಿದ್ದೆವು. ದಿನಕ್ಕೊಂದು ಕೂಪನ್, ನಡುವೆ ತೂತಿನ ಸಾಲು. ಗೇಟಲ್ಲಿ ಅವತ್ತಿನದನ್ನು ಹರಿಯುತ್ತಿದ್ದರು. ನೀನು ಹೇಳಿದ ಹಲ್ಲಿನಂಥ ಅಂಚು ಅದೇ.

ಇನ್ನು 96, 16. ವರ್ಷವೂ ಅಲ್ಲ, ಸೀಟೂ ಅಲ್ಲಪ್ಪ. ಗವಾಸ್ಕರ್ 96. ಸೋತದ್ದು 16 ರನ್ನಿಗೆ.

1987ರ ಮಾರ್ಚ್. ಪಾಕಿಸ್ತಾನದ ಮೇಲೆ ಐದನೇ ಟೆಸ್ಟು, ಬೆಂಗಳೂರಲ್ಲಿ. ಮೊದಲ ನಾಲ್ಕೂ ಡ್ರಾ ಆಗಿದ್ದವು. ಪಿಚ್ ಅಂದರೆ ಉತ್ತ ಹೊಲ. ಮಣಿಂದರ್ 27 ರನ್ನಿಗೆ ಏಳು ವಿಕೆಟ್ ಕಿತ್ತು ಅವರನ್ನು 116ಕ್ಕೆ ಮಲಗಿಸಿದ. ನಾವು 145. ಅವರು 249. ನಮಗೆ ಬೇಕಾದದ್ದು 221. ಆ ನೆಲದಲ್ಲಿ ಬಾಲು ಬಿದ್ದ ಕಡೆಯಿಂದ ಮಣ್ಣು ಹಾರುತ್ತಿತ್ತು. ಗವಾಸ್ಕರ್ ಒಬ್ಬ ಐದು ಗಂಟೆಗೂ ಜಾಸ್ತಿ ನಿಂತ. ಇಕ್ಬಾಲ್ ಖಾಸಿಂ ಬಾಲು ಎದ್ದು, ಸ್ಲಿಪ್ಪಲ್ಲಿ ಕ್ಯಾಚ್. 96. ಕೊನೆಗೆ ನಮ್ಮ ರೋಜರ್ ಬಿನ್ನಿ ಔಟಾದಾಗ 204. ಹದಿನಾರು ರನ್ನು ಸಾಲದೆ ಹೋಯಿತು. ಪಾಕಿಸ್ತಾನ ನಮ್ಮ ನೆಲದಲ್ಲಿ ಗೆದ್ದ ಮೊದಲ ಟೆಸ್ಟ್ ಸರಣಿ ಅದು. ಗವಾಸ್ಕರ್ ಆಮೇಲೆ ಟೆಸ್ಟ್ ಆಡಲಿಲ್ಲ.

ನಾನೂ ಅಲ್ಲೇ ಇದ್ದೆ. ಮಾರಿಕುಪ್ಪಂ ರೈಲಿಗೆ ವಾಪಸ್ ಬಂದೆವು, ಕೋಲಾರದ ಚಿನ್ನದ ಗಣಿಯ ಗೆಳೆಯರು ಆರು ಜನ. ದಾರಿ ಉದ್ದಕ್ಕೂ ಒಬ್ಬರೂ ಮಾತಾಡಲಿಲ್ಲ. ನನ್ನ ಟಿಕೆಟ್ ಎಲ್ಲಿ ಎಸೆದೆನೋ ಗೊತ್ತಿಲ್ಲ. 1974ರ ನವೆಂಬರ್, ಆ ಮೈದಾನದ ಮೊದಲ ಟೆಸ್ಟಿಗೂ ಹೋಗಿದ್ದೆ. ವೆಸ್ಟ್ ಇಂಡೀಸ್‌ನ ಗ್ರೀನಿಜ್, ವಿವಿಯನ್ ರಿಚರ್ಡ್ಸ್ ಇಬ್ಬರಿಗೂ ಅದೇ ಮೊದಲ ಟೆಸ್ಟು. ಅದನ್ನೂ ಎಸೆದೆ. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿ ಕ್ವಾರ್ಟರ್ಸ್ ಸಾಮಾನು ಕಟ್ಟುವಾಗ ಫುಟ್‌ಬಾಲ್, ಹಾಕಿ ಟೂರ್ನಮೆಂಟ್ ಕಾರ್ಡುಗಳು ಒಂದು ಗೋಣಿಚೀಲ ತುಂಬ ಇದ್ದವು. ಒಲೆಗೆ ಹೋದವು. ನಿಮ್ಮಪ್ಪ ಇಟ್ಟರು ನೋಡು.

ಗೌರಿಬಿದನೂರು ಎಕ್ಸ್‌ಪ್ರೆಸ್ (ಭಾನುವಾರ, ರಾತ್ರಿ 10:31)

ಮೈ ಜುಮ್ಮೆಂದಿತು. ನನ್ನ 1996 ವಾಪಸ್ ತೆಗೆದುಕೊಂಡೆ. ತಾತಾ, ನಮಸ್ಕಾರ.

ನಂದಿ ತಪ್ಪಲು (ಸೋಮವಾರ, ಬೆಳಗ್ಗೆ 7:45)

ಚಿಕ್ಕಬಳ್ಳಾಪುರದಿಂದ. ರಾತ್ರಿ ಎಲ್ಲ ಇದನ್ನೇ ಓದಿದೆ. ನಾನು ಫುಟ್‌ಬಾಲ್ ಕಡೆಯವಳು. 2016 ಅಕ್ಟೋಬರ್ 19, ಕಂಠೀರವದಲ್ಲಿ ಎಎಫ್‌ಸಿ ಕಪ್, ಅಂದರೆ ಏಷ್ಯಾದ ಕ್ಲಬ್ಬುಗಳ ಟೂರ್ನಮೆಂಟ್, ಅದರ ಸೆಮಿಫೈನಲ್. ಬೆಂಗಳೂರು ಎಫ್‌ಸಿ 3, ಮಲೇಷ್ಯಾದ ಜೊಹೋರ್ 1. ಛೆತ್ರಿ ಎರಡು ಗೋಲು. ಭಾರತದ ಒಂದು ಕ್ಲಬ್ಬು ಆ ಫೈನಲ್ಲಿಗೆ ಹೋದದ್ದು ಅದೇ ಮೊದಲು. ಆ ತುಂಡು ನನ್ನ ಹತ್ತಿರ ಜೋಪಾನವಾಗಿದೆ.

ನನ್ನ ಸಂಕಟ ಈಗಿನ ಮ್ಯಾಚ್‌ಗಳದು. ಜಾಸ್ತಿ ಟಿಕೆಟ್ ಫೋನಿನಲ್ಲೇ ಬರುತ್ತವೆ, ಗೇಟಲ್ಲಿ ಕ್ಯೂಆರ್ ತೋರಿಸಿದರೆ ಮುಗಿಯಿತು. ಫೋನು ಬದಲಾದರೆ ಅದೂ ಹೋಯಿತು. ನಮ್ಮ ಮಕ್ಕಳಿಗೆ ಯಾವ ಡಬ್ಬ ಸಿಗುತ್ತದೆ ಅಲ್ವಾ?

ನಾನು ಮಾಡುವುದು ಇಷ್ಟು. ಮ್ಯಾಚ್ ಮುಗಿದ ರಾತ್ರಿಯೇ ಟಿಕೆಟ್ಟಿನ ಪಿಡಿಎಫ್ ಇಳಿಸಿ ನನಗೇ ಮೇಲ್ ಮಾಡಿಕೊಳ್ಳುತ್ತೇನೆ, ಒಂದು ಪ್ರಿಂಟ್ ತೆಗೆಯುತ್ತೇನೆ. ಕೈಗೆ ಕಟ್ಟಿದ ಪಟ್ಟಿ, ಬಸ್ ಟಿಕೆಟ್ಟು, ಮಾರನೇ ದಿನದ ಪೇಪರಿನ ಕಟಿಂಗು ಒಂದೇ ಕವರಿಗೆ. ಪೇಪರ್ ಕಟಿಂಗನ್ನು ಟಿಕೆಟ್ಟಿಗೆ ತಾಗಿಸಿ ಇಡಬೇಡಿ. ನ್ಯೂಸ್‌ಪ್ರಿಂಟ್‌ನಲ್ಲಿ ಆಮ್ಲ ಜಾಸ್ತಿ, ಪಕ್ಕದ ಕಾಗದಕ್ಕೂ ಹಳದಿ ಹತ್ತಿಸುತ್ತದೆ. 2024ರ ಜನವರಿ 18ಕ್ಕೆ ನಮ್ಮ ಮುದ್ದೇನಹಳ್ಳಿಗೇ ಸಚಿನ್, ಯುವರಾಜ್ ತಂಡ ಕಟ್ಟಿಕೊಂಡು ಬಂದು ಆಡಿದರಲ್ಲ, ಅದರದ್ದು ನನ್ನ ಹತ್ತಿರ ಇರೋದು ಕಟಿಂಗು ಮಾತ್ರ. ಇರ್ಫಾನ್ ಪಠಾಣ್ ಅಣ್ಣ ಯೂಸುಫ್ ಬಾಲಿಗೇ ಸಿಕ್ಸ್ ಹೊಡೆದು ಗೆಲ್ಲಿಸಿದ ಚಿತ್ರ ಅದರಲ್ಲಿದೆ.

ಇನ್ನೊಂದು ಮಾತು. ಮ್ಯಾಚಿಗೆ ಮುಂಚೆ ಟಿಕೆಟ್ ಫೋಟೋ ಸ್ಟೇಟಸ್‌ಗೆ ಹಾಕಬೇಡಿ. ಕ್ಯೂಆರ್ ನಕಲು ಮಾಡಿ ಬೇರೆಯವರು ಮೊದಲೇ ಒಳಗೆ ಹೋದರೆ ನೀವು ಗೇಟಲ್ಲೇ ನಿಲ್ಲಬೇಕು.

ಶಿಡ್ಲಘಟ್ಟ ಗೂಡು (ಸೋಮವಾರ, ಬೆಳಗ್ಗೆ 9:10)

ತೇವದ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮದು ರೇಷ್ಮೆ ಸಾಕುವ ಮನೆ. ಮರಿ ಹುಳಕ್ಕೆ ನೂರಕ್ಕೆ 80ರಷ್ಟು ತೇವ ಬೇಕು, ಒದ್ದೆ ಗೋಣಿ ಕಟ್ಟಿ ಕಾಪಾಡುತ್ತೇವೆ. ಕಾಗದಕ್ಕೆ ಅದೇ ಗಾಳಿ ಆಗೋಲ್ಲ. ಹುಳುಮನೆಯ ಪಕ್ಕದ ಕೋಣೆಯಲ್ಲಿಟ್ಟ ನನ್ನ ಕಬಡ್ಡಿ ಟಿಕೆಟ್‌ಗಳು ಒಂದೇ ಮಳೆಗಾಲಕ್ಕೆ ಬೂಷ್ಟು ಹಿಡಿದವು.

ಈಗ ಗೋದ್ರೇಜ್ ಬೀರುವಿನ ಮಧ್ಯದ ತಟ್ಟಿನಲ್ಲಿ ಇಡುತ್ತೇನೆ. ಹೊರಗೋಡೆಗೆ ತಾಗಿದ ಬೀರು ಬೇಡ, ಅಟ್ಟ ಬೇಡ. ಶೂ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಎರಡು ಹಾಕಿ, ಆಗಾಗ ಬದಲಾಯಿಸುತ್ತೇನೆ. ನುಸಿ ಗುಳಿಗೆ ಹಾಕಬೇಡಿ, ಕೆಲವು ಪ್ಲಾಸ್ಟಿಕ್ ಅದಕ್ಕೆ ಮೆತ್ತಗಾಗುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡೋದು ಎಲ್ಲಕ್ಕಿಂತ ಒಳ್ಳೇದು. ಗೆದ್ದಲಿಗೆ ಯಾರೂ ಮುಟ್ಟದ ಮೂಲೆಯೇ ಇಷ್ಟ.

ಕ್ಯಾತ್ಸಂದ್ರದವನು (ಸೋಮವಾರ, ರಾತ್ರಿ 9:30)

ರಾಬರ್ಟ್‌ಸನ್‌ಪೇಟೆಯ ಹಿರಿಯರೇ, ನಿಮ್ಮ ಬರಹವನ್ನು ಬೆಳಗ್ಗೆ ಅಮ್ಮನಿಗೆ ಓದಿ ಹೇಳಿದೆ. ‘ಹದಿನಾರು ರನ್ನು’ ಅಂದ ಕೂಡಲೇ ಅಮ್ಮ ತಲೆ ಎತ್ತಿದರು.

ಅಕ್ಕ ಹುಟ್ಟಿ ಆಗ ಆರು ತಿಂಗಳು ಅಂತೆ. ಅಕ್ಕ ಹುಟ್ಟಿದ್ದು 1986ರ ಸೆಪ್ಟೆಂಬರ್, ಲೆಕ್ಕ ಸರಿಹೋಗುತ್ತದೆ. ಅಪ್ಪ ರಾತ್ರಿ ಕಡೇ ಬಸ್ಸಿಗೆ ಬಂದು ಚಪ್ಪಲಿಯನ್ನೂ ಬಿಡದೆ ಜಗಲಿ ಮೇಲೆ ಕೂತರಂತೆ. ಅಮ್ಮ ಮುದ್ದೆ, ಸೊಪ್ಪಿನ ಸಾರು ಬಿಸಿ ಮಾಡಿ ಕರೆದರೆ ಬೇಡ ಅಂದರಂತೆ. ‘ಯಾರಾದರೂ ಹೋದರಾ?’ ಅಂತ ಅಮ್ಮ ಹೆದರಿ ಕೇಳಿದ್ದಕ್ಕೆ ‘ಹದಿನಾರೇ ರನ್ನು ಕಣೇ’ ಅಂದರಂತೆ. ಅಮ್ಮನಿಗೆ ಆಗ ಅರ್ಥವಾಗಿರಲಿಲ್ಲ. 38 ವರ್ಷ ಆದ ಮೇಲೆ ಇವತ್ತು ಅರ್ಥವಾಯಿತು ಅಂದರು.

ತುಂಡಿನ ಮೇಲೆ ನಾನೇನೂ ಬರೆದಿಲ್ಲ. ಬೇರೆ ಚೀಟಿಯಲ್ಲಿ ಪೆನ್ಸಿಲ್‌ನಿಂದ ತಾರೀಖು, ಮ್ಯಾಚು, ಅಮ್ಮ ಹೇಳಿದ ಮಾತು ಹಾಗೇ ಬರೆದು ಅದೇ ಕವರಿಗೆ ಸೇರಿಸಿದೆ. ಉಳಿದ ತುಂಡುಗಳನ್ನೂ ಒಂದೊಂದಾಗಿ ಅಮ್ಮನ ಮುಂದೆ ಇಡುತ್ತಿದ್ದೇನೆ. ಗುಲಾಬಿ ಕಬಡ್ಡಿ ಚೀಟಿ ನೋಡಿ, ಅದು ಅವರ ತವರಿನ ಜಾತ್ರೆಯದು, ಫೈನಲ್ಲಿನಲ್ಲಿ ಸೋದರಮಾವ ಆಡಿದ್ದರು ಅಂದರು. ಮಧುಗಿರಿಯವರೇ, ಊರು ಮಧುಗಿರಿ ತಾಲ್ಲೂಕಿನದೇ. ಫೋಟೋ ನಾಳೆ ಹಾಕುತ್ತೇನೆ.

ಮಧುಗಿರಿ ರೈಡರ್ (ಸೋಮವಾರ, ರಾತ್ರಿ 9:34)

ನಾಳೆ ತನಕ ಕಾಯೋಕಾಗೋಲ್ಲ ಸರ್! ಸ್ಟಾಂಪಿನ ಅರ್ಧ ಹೆಸರು ಕಂಡರೂ ಸಾಕು, ನಮ್ಮ ಹಳೇ ಆಟಗಾರರಿಗೆ ತೋರಿಸಿ ಸಂಘ ಯಾವುದು ಅಂತ ಪತ್ತೆ ಮಾಡುತ್ತೇನೆ.

ಹಳೇನೋಟು ಕೋಲಾರ (ಸೋಮವಾರ, ರಾತ್ರಿ 9:50)

ಆ ಸ್ಟಾಂಪು ನೀರು ಸೋಕಿದರೆ ಹರಡುತ್ತದೆ. ಎಲೆ ಅಡಿಕೆ ಕಲೆ ಒರೆಸೋಕೆ ಹೋಗಬೇಡಿ, ಇರಲಿ ಬಿಡಿ. ಡಬ್ಬ ಏನು ಮಾಡಿದಿರಿ?

ಕ್ಯಾತ್ಸಂದ್ರದವನು (ಸೋಮವಾರ, ರಾತ್ರಿ 10:02)

ಗುಜರಿಗೆ ಹಾಕೋಣ ಅಂದೆ, ಅಮ್ಮ ಬಿಡಲಿಲ್ಲ. ತುಕ್ಕು ಉಜ್ಜಿ, ತೊಳೆದು, ಬಿಸಿಲಿಗೆ ಒಣಗಿಸಿ, ಸೂಜಿ ದಾರ, ಗುಂಡಿ ಹಾಕಿ ತಮ್ಮ ಮಂಚದ ಪಕ್ಕ ಇಟ್ಟುಕೊಂಡಿದ್ದಾರೆ.